ಬರ್ಫಿನವನ ಶಾಲು

ನಾನು ಅಫಜಲಪುರದಲ್ಲಿ ಬರ್ಫಿನ, ಅಂದರೆ ಮಂಜುಗಡ್ಡೆಯ, ಕಾರ್ಖಾನೆ ಇಟ್ಟು ಮೂವತ್ತು ವರ್ಷವಾಯಿತು. ಕರಗುವ ಮಾಲಿನ ವ್ಯಾಪಾರಿಗೆ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಆದರೆ ಆ ಬೇಸಿಗೆಯಲ್ಲಿ ನಕ್ಕಷ್ಟು ಎಂದೂ ನಕ್ಕಿಲ್ಲ.

೧. ನಿಮ್ಮ ಹುಡುಗ್ಯಾರು

ಮುಂಜಾನೆ ಚಹಾದಂಗಡಿಗೆ ಕಾಲಿಟ್ಟೆನೋ ಇಲ್ಲವೋ, ಅಂಗಡಿಯವ ಕೈ ಮುಗಿದ.

"ಸಾವಕಾರ್ರ, ನಿಮ್ಮ ಹುಡುಗ್ಯಾರು ಗೆದ್ದಾರಂತಲ್ರಿ!"

ನನಗಿರುವವರು ಇಬ್ಬರೂ ಗಂಡುಮಕ್ಕಳು. "ಯಾವ ಹುಡುಗ್ಯಾರಲೇ?" ಎಂದೆ.

"ಐಸ್ ಹಾಕಿ ಆಡೋ ನಮ್ಮ ದೇಶದ ಹುಡುಗ್ಯಾರ್ರಿ. ಏಷ್ಯಾದಾಗ ಮೊದಲ ಸಲ ಕಂಚು ತಂದಾರ."

"ಅದಕ್ಕ ನನಗ್ಯಾಕ ಕೈ ಮುಗೀತಿ?"

"ಊರಾಗ ಐಸ್ ಅಂದ್ರ ನಿಮ್ದ ಅಲ್ರಿ!"

ಆವತ್ತಿನ ಚಹಾ ಪುಕ್ಕಟೆ. ದೇಶದ ಪರವಾಗಿ ನಾನೇ ಕುಡಿದೆ.

೨. ಮನೆಯ ನೀರು

ಹೆಂಡತಿಗೆ ಮೊಬೈಲಿನಲ್ಲಿ ಆ ಪಂದ್ಯ ತೋರಿಸಿದೆ. ಹುಡುಗಿಯರು ಬರ್ಫಿನ ಮೇಲೆ ಜಾರುತ್ತಾ ಓಡುವುದನ್ನು ಕಂಡು ನನಗೆ ಕಣ್ಣು ತುಂಬಿ ಬಂತು. ಮನೆಯ ಫ್ರಿಜ್ ಕೆಟ್ಟಿತ್ತು. ಆಕೆ ಕೊಡದಿಂದ ಬೆಚ್ಚಗಿನ ನೀರು ತಂದು ಮುಂದಿಟ್ಟಳು.

"ಅವರಿಗೆ ಊರಗಲ ಬರ್ಫ ಹಾಸ್ಯಾರ. ನೀವು ಮೂವತ್ತು ವರ್ಷದಾಗ ನನಗೊಂದು ತುಂಡರ ತಂದೀರೇನ್ರಿ?"

"ತರ್ತಿದ್ದೆ, ದಾರ್ಯಾಗ ಕರಗ್ತದ" ಎಂದೆ.

"ಕಾರ್ಖಾನಿ ಮನಿ ಹಿಂದನ ಅದ ಅಲ್ರಿ!"

೩. ಎರಡೇ ಮಾತು

ಹೈಸ್ಕೂಲಿನ ಹುಡುಗಿಯರು ಕಾರ್ಖಾನೆಗೇ ಬಂದರು. "ಕಾಕಾ, ನಾವೂ ಒಮ್ಮಿ ಬರ್ಫಿನ ಮ್ಯಾಲ ಹಾಕಿ ಆಡ್ತೇವ್ರಿ."

ಹತ್ತು ಲಾದಿ ಕೊಡುತ್ತೇನೆಂದು ಮಾತು ಕೊಟ್ಟೆ. ಒಂದೊಂದು ಲಾದಿ ನನ್ನ ಎದೆಯೆತ್ತರದ ಬರ್ಫಿನ ಗಡ್ಡೆ. ಹೆಡ್‌ಮಾಸ್ತರರು ಹಿಗ್ಗಿ ಅದನ್ನೊಂದು ಸಮಾರಂಭವನ್ನಾಗಿಯೇ ಮಾಡಿದರು. ನನಗೆ ಶಾಲು ಹೊದಿಸುತ್ತಾರಂತೆ! ಊರಲ್ಲಿ ಎಲ್ಲರಿಗೂ ಒಂದೊಂದು ಶಾಲು ಬಂದಿದೆ, ಚಹಾದಂಗಡಿಯವನಿಗೂ. ನನಗೆ ಮಾತ್ರ ಇರಲಿಲ್ಲ. ಹೊಸ ಅಂಗಿ ಹೊಲಿಸಿದೆ.

ಶಾಲೆಯ ಬೇವಿನ ಮರದ ಕೆಳಗೆ ಲಾದಿ ಮಲಗಿಸಿ ಜೋಡಿಸಿ ಗೋಣಿಚೀಲ ಮುಚ್ಚಿದೆವು. ಆಳಂದದಿಂದ ಒಬ್ಬರು, ಜೇವರ್ಗಿಯಿಂದ ಇಬ್ಬರು ಅತಿಥಿಗಳು. ಪ್ರತಿಯೊಬ್ಬರೂ "ಎರಡೇ ಮಾತು" ಎನ್ನುತ್ತಲೇ ಮೈಕ್ ಹಿಡಿದರು. ಮೊದಲನೆಯವರ ಎರಡು ಮಾತಿಗೆ ಬರ್ಫ್ ಕರಗಿದ ನೀರು ವೇದಿಕೆ ಮುಟ್ಟಿತು. ಮೂರನೆಯವರ ಎರಡು ಮಾತಿಗೆ ಕೂತವರೆಲ್ಲ ಚಪ್ಪಲಿ ಕೈಗೆತ್ತಿಕೊಂಡರು. ಹಾಕಿ ಕೋಲೆಂದು ತೊಗರಿ ಕಟಿಗೆ ಹಿಡಿದು ಕುಳಿತ ಹುಡುಗಿಯರ ಕಣ್ಣು ಗೋಣಿಚೀಲದ ಮೇಲೇ ಇತ್ತು. ಇನ್ನೂ ಸನ್ಮಾನ, ವಂದನಾರ್ಪಣೆ ಬಾಕಿ. ಶಾಲು ತಟ್ಟೆಯಲ್ಲೇ ಇತ್ತು. ಅದನ್ನೊಮ್ಮೆ ನೋಡಿ ಎದ್ದು ನಿಂತೆ.

"ಶಾಲು ಆಮ್ಯಾಲ! ಮೊದಲು ನೀವು ಆಡ್ರೆವಾ!"

ಉಳಿದದ್ದು ಬಾಗಿಲಗಲದ ಬರ್ಫ್. ಹುಡುಗಿಯರು ಬರಿಗಾಲಲ್ಲಿ ಹತ್ತಿದರು, ಚೆಂಡಿನ ಬದಲು ಡಬ್ಬಿ ಮುಚ್ಚಳ ಹೊಡೆದರು, ಬಿದ್ದರು, ನಕ್ಕರು. ಒಂದು ಗೋಲೂ ಆಯಿತು, ಹೆಡ್‌ಮಾಸ್ತರರ ಕುರ್ಚಿಯ ಕೆಳಗೆ. ಆಮೇಲೆ "ಕಾಲು ಮರಗಟ್ಟ್ಯಾವ್ರಿ ಕಾಕಾ!" ಎಂದು ಕುಣಿಯುತ್ತಾ ಬಂದು, ತಟ್ಟೆಯ ಶಾಲು ಎಳೆದು ಎಲ್ಲರೂ ಕಾಲಿಗೆ ಸುತ್ತಿಕೊಂಡರು.

"ಸನ್ಮಾನ ಇನ್ನೂ ಆಗಿಲ್ಲರೀ!" ಎಂದು ಹೆಡ್‌ಮಾಸ್ತರರು ಬಾಯಿ ಬಾಯಿ ಬಡಿದುಕೊಂಡರು. ಫೋಟೋದವ ಕಾಯುತ್ತಿದ್ದ. ಕೊನೆಗೆ ಕೈಗೆ ಸಿಕ್ಕ ಹಸಿ ಗೋಣಿಚೀಲವನ್ನೇ ನನ್ನ ಹೆಗಲಿಗೆ ಹೊದಿಸಿ ಚಪ್ಪಾಳೆ ತಟ್ಟಿಸಿದರು.

ಅದನ್ನೇ ಹೊದ್ದು, ತಣ್ಣೀರು ಸುರಿಸುತ್ತಾ, ಖುಷಿಯಲ್ಲಿ ಮನೆಗೆ ಹೋದೆ. ಹೆಂಡತಿ ಚೀಲ ಮುಟ್ಟಿ ನೋಡಿದಳು.

"ಅಂತೂ ಮೂವತ್ತು ವರ್ಷಕ್ಕ ನಿಮ್ಮ ಬರ್ಫ ಮನಿ ಮುಟ್ತು ನೋಡ್ರಿ!"