ಇನ್ನಾಸಪ್ಪನ ಕ್ರಿಸ್‌ಮಸ್ ಅತಿಥಿಗಳು

"ಇವತ್ತು ಒಂದು ಎಲೆ ಹೆಚ್ಚಿಗೆ ಹಾಕು ಕಣೇ! ದಾರೀಲಿ ಸಿಗೋ ಮೊದಲನೇ ಪರಸ್ಥಳದೋನು ನಮ್ಮನೇಲೇ ಉಣ್ಬೇಕು. ಇದು ಇನ್ನಾಸಪ್ಪನ ಮಾತು!"

ಹೆತ್ತೂರಿನ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಇನ್ನಾಸಪ್ಪ ಹೀಗೆ ಘೋಷಿಸಿದ್ದು ೧೯೯೬ರ ಕ್ರಿಸ್‌ಮಸ್ ದಿನ, ಚರ್ಚಿನಿಂದ ಬಂದು ಶೂ ಬಿಚ್ಚುವ ಮೊದಲೇ! ಗುರುತಿಲ್ಲದವನಿಗೆ ಅನ್ನವಿಟ್ಟರೆ ಯೇಸುವಿಗೇ ಇಟ್ಟಂತೆ ಎಂದು ಫಾದರ್ ಹೇಳಿದ್ದು ಅವನ ತಲೆಗೇರಿತ್ತು. ಒಳಗೆ ಒಲೆಯ ಮೇಲೆ ಹಂದಿಮಾಂಸ ಕುದಿಯುತ್ತಿತ್ತು. ವರ್ಷವಿಡೀ ಅವನು ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿದ್ದುದು ಈ ಒಂದು ಊಟಕ್ಕೆ.

"ಕರ್ಕೊಂಡ್ ಬನ್ನಿ, ಬ್ಯಾಡ ಅಂದೋರ್ಯಾರು? ಒಬ್ಬನ್ನೇ ಕರ್ಕೊಂಡ್ ಬನ್ನಿ, ಅಷ್ಟೇ," ಎಂದಳು ಹೆಂಡತಿ ಆರೋಗ್ಯಮ್ಮ.

ರಸ್ತೆಯ ತಿರುವಿನಲ್ಲಿ ಒಂದು ಜೀಪು ಕೆಟ್ಟು ನಿಂತಿತ್ತು. ಡ್ರೈವರ್ ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಹೋಗಿದ್ದ. ಪಕ್ಕದಲ್ಲಿ ಕಪ್ಪು ಪಂಚೆ ಉಟ್ಟು, ಬರಿಗಾಲಲ್ಲಿ ಅಯ್ಯಪ್ಪ ಸ್ವಾಮಿಗಳು ಕೂತಿದ್ದರು. ಇನ್ನಾಸಪ್ಪ ಒಬ್ಬರನ್ನು ಕರೆದ. ಏಳೂ ಜನ ಎದ್ದರು!

ಹಂದಿಯ ನೆನಪಾದದ್ದು ಅಂಗಳಕ್ಕೆ ಬಂದು ಘಮ ಮೂಗಿಗೆ ಬಡಿದಾಗಲೇ. ಹಿರಿಯ ಸ್ವಾಮಿ ಅಲ್ಲೇ ನಿಂತರು.

"ನಾವು ಮಾಲಿ ಹಾಕೇವಿ ಸ್ವಾಮಿ. ಮಾಂಸ ಬೇಯಿಸಿದ ಮನ್ಯಾಗ ನೀರೂ ಕುಡಿಯಂಗಿಲ್ಲ."

ಇನ್ನಾಸಪ್ಪನ ಮುಖ ಹುಳ್ಳಗಾಯಿತು. ಆದರೆ ಕೊಟ್ಟ ಮಾತು! ಆರೋಗ್ಯಮ್ಮ ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿ, ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಓಡಿದಳು. ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯ ಬೋರಯ್ಯನ ಕೈಗೆ ಅದನ್ನು ತುರುಕಿ, ಮಾತಾಡಲೂ ಪುರುಸೊತ್ತಿಲ್ಲದೆ ವಾಪಸು ಬಂದಳು.

ಸ್ವಾಮಿಗಳು ಅಂಗಳದಲ್ಲೇ ಕಲ್ಲು ಹೂಡಿ, ತಮ್ಮ ಪಾತ್ರೆಯಲ್ಲಿ ಅನ್ನ ಸಾಂಬಾರಿಗಿಟ್ಟರು. ಆತಿಥ್ಯ ನೀಡಬೇಕಾದ ಮಹಾಶಯ ನೀರು ಹೊತ್ತ, ಸೌದೆ ತಂದ, ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡ. ಭಜನೆಗೆ ಎಲ್ಲರಿಗಿಂತ ಜೋರಾಗಿ ತಾಳ ತಪ್ಪಿಸಿ ಚಪ್ಪಾಳೆ ತಟ್ಟಿದ.

"ನಿಮ್ಮ ಹಬ್ಬಾನೇ ಬಿಟ್ಟು ನಮ್ಮನ್ನ ನೋಡಿಕೊಂಡ್ರಲ್ಲ," ಎಂದು ಹಿರಿಯರು ಮೊದಲ ತುತ್ತನ್ನು ಅವನ ಎಲೆಗೇ ಬಡಿಸಿದಾಗ ಇನ್ನಾಸಪ್ಪನಿಗೆ ನಿಜವಾಗಿ ಕಣ್ಣು ತುಂಬಿ ಬಂತು. ಅರ್ಧ ಮನಸ್ಸು ಮಾತ್ರ ಬೇಲಿಯಾಚೆಗಿತ್ತು.

ಜೀಪು ರಿಪೇರಿಯಾಗಿ ಹೊರಟದ್ದೇ ತಡ, ಬೋರಯ್ಯನ ಮನೆಗೆ ಓಡಿದ. ಬೋರಯ್ಯ ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದ!

"ಹಬ್ಬದ ಪಾಲು ಅಂತ ಇಷ್ಟು ದೊಡ್ಡ ಪಾತ್ರೆ ಯಾರು ಕೊಡ್ತಾರೆ ರೈಟ್ರೇ! ನಾವೂ ತಿಂದ್ವಿ. ಆ ಜೀಪ್ ಡ್ರೈವರ್ರು, ಮೆಕ್ಯಾನಿಕ್ಕು ಹಸ್ಕೊಂಡಿದ್ರು, ಅವರ್ನೂ ಕೂರಿಸಿ ಬಡಿಸ್ಬುಟ್ಟೆ. ತಳ ಬಳ್ದು ತಿಂದ್ರು!"

"ಒಂದು... ಒಂದು ತುಂಡೂ ಉಳೀಲಿಲ್ವಾ ಮಾರಾಯ?"

"ನಿಮಗ್ಯಾಕೆ ಅದು? ಸ್ವಾಮಿಗಳ ಜತೆ ಭಜನೆ ಮಾಡ್ತಾ ಕೂತಿದ್ರಲ್ಲ, ಬೇಲಿ ಮೇಲಿಂದ ನೋಡ್ದೆ ಕಣ್ರೀ. ಮಾಂಸ ಬುಟ್ಟವ್ರೆ ಅಂದ್ಕೊಂಡೆ. ರಾತ್ರಿ ಊಟಕ್ಕೆ ಇಬ್ರೂ ನಮ್ಮನೆಗೇ ಬನ್ನಿ. ನಿಮ್ಮ ನೇಮ ಕೆಡಬಾರ್ದು ಅಂತ ಬೇಳೆ ಸಾರು ಮಾಡಿಸ್ತೀನಿ!"