ನೀತಿ ಪಾಠದ ಮಾಸ್ತರನ ಪರೀಕ್ಷೆಗಳು

ಶಿಕ್ಷಕರಾಗಲು ಬರುವವರಿಗೆ ನಾನು ವೃತ್ತಿನೀತಿ ಕಲಿಸುತ್ತೇನೆ. ಗಣಿತದ ಪ್ರಾಧ್ಯಾಪಕರು ಸಂತೆಯಲ್ಲಿ ಲೆಕ್ಕ ತಪ್ಪಿದರೆ ಜನ ನಕ್ಕು ಸುಮ್ಮನಾಗುತ್ತಾರೆ. ನಾನು ಬಾಳೆಹಣ್ಣಿನ ಸಿಪ್ಪೆ ಹಿಡಿದು ನಿಂತರೂ ಸಾಕು, ಎಲ್ಲಿ ಎಸೆಯುತ್ತಾನೆ ನೋಡೋಣ ಎಂದು ಯಾರೋ ಕಾಯುತ್ತಿರುತ್ತಾರೆ. ನೀತಿಯನ್ನು ನಿಜವಾಗಿ ಕಲಿಸಲು ಆಗುತ್ತದೆಯೇ ಎಂಬ ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ. ಅದನ್ನು ಹೆಚ್ಚಿಸುವ ಪ್ರಸಂಗಗಳು ಮಾತ್ರ ನಡೆಯುತ್ತಲೇ ಇವೆ.

ಟವೆಲ್ ಹಾಕಿದ ಸೀಟು

ಅಫಜಲಪುರದ ಶಾಲೆಯೊಂದಕ್ಕೆ ಭೇಟಿ ಕೊಟ್ಟು ಕಲಬುರಗಿಗೆ ಮರಳುತ್ತಿದ್ದೆವು. ಬಸ್ಸು ನಿಲ್ಲುವ ಮೊದಲೇ ನನ್ನ ವಿದ್ಯಾರ್ಥಿಯೊಬ್ಬ ಕಿಟಕಿಯಿಂದ ಟವೆಲ್ ತೂರಿ ನನಗೊಂದು ಸೀಟು ಹಿಡಿದ. ನಾವು ಹತ್ತುವಷ್ಟರಲ್ಲಿ ಒಬ್ಬ ಅಜ್ಜಿ ಅದೇ ಟವೆಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

“ಆಯಿ, ಇದು ನಮ್ಮ ಸರ್ ಸೀಟ್ ಅದ. ದೊಡ್ಡವರು, ನ್ಯಾಯ ನೀತಿ ಕಲಿಸ್ತಾರ” ಎಂದ ಹುಡುಗ.

ಅಜ್ಜಿ ನನ್ನನ್ನು ಒಮ್ಮೆ ನೋಡಿ ಟವೆಲ್ ವಾಪಸು ಕೊಟ್ಟಳು. “ಹಂಗಿದ್ರ ಹೇಳೋದೇ ಬ್ಯಾಡ ಬಿಡಪ್ಪ. ನಿಂತೇ ಬರ್ತಾರ.”

ಮಾಸ್ತರನ ಪಾತ್ರ

ಜೇವರ್ಗಿಯಲ್ಲಿ ಶಿಕ್ಷಕರಿಗೆ ತರಬೇತಿ. ಮಕ್ಕಳ ಮೇಲೆ ದನಿ ಏರಿಸಬಾರದು ಎಂಬುದು ವಿಷಯ. ಮಕ್ಕಳ ಕಷ್ಟ ತಿಳಿಯಲಿ ಎಂದು, “ಇವತ್ತು ನೀವೆಲ್ಲ ಮಕ್ಕಳು, ನಾನೊಬ್ಬನೇ ಮಾಸ್ತರ” ಎಂದೆ. ಅನುಮತಿ ಸಿಕ್ಕಿದ್ದೇ ತಡ, ನಿವೃತ್ತಿಗೆ ಬಂದವರೆಲ್ಲ ಹಿಂದಿನ ಬೆಂಚಿಗೆ ಓಡಿದರು. “ಸರ್, ಇವ ಚೂಟಾಕತ್ತಾನ್ರಿ,” “ಸರ್, ನೀರು ಕುಡಿದು ಬರ್ತೇನ್ರಿ.” ಒಬ್ಬರಂತೂ ನನ್ನ ಚಪ್ಪಲಿಯನ್ನೇ ಬಚ್ಚಿಟ್ಟರು. ಮೇಜು ಗುದ್ದಿ, “ಸುಮ್ಮನ ಕುಂದರ್ರಿ!” ಎಂದು ಕೂಗಿಬಿಟ್ಟೆ.

ಹಿಂದಿನ ಬೆಂಚಿನಿಂದ ಮುಖ್ಯೋಪಾಧ್ಯಾಯರೊಬ್ಬರು ಮೆಚ್ಚುಗೆಯಿಂದ ತಲೆದೂಗಿದರು. “ಸರ್, ಮಾಸ್ತರನ ಪಾತ್ರ ಭಾಳ ಛಲೋ ಮಾಡಿದ್ರಿ.”

ತಪ್ಪು ಉತ್ತರ

ಇದು ಆಳಂದದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ನಡೆದದ್ದು. ನಮ್ಮ ವಿದ್ಯಾರ್ಥಿನಿಯೊಬ್ಬಳು ಮಕ್ಕಳಿಗೆ ಪಾಠ ಮಾಡಿ ತೋರಿಸುವ ಕೊನೆಯ ಪರೀಕ್ಷೆ, ನಾನೇ ಪರೀಕ್ಷಕ. ಹಿಂದಿನ ಸಲ ಫೇಲಾಗಿದ್ದಳು. ಈ ಸಲವೂ ಪಾಸಾಗದಿದ್ದರೆ ಓದು ಸಾಕು ಎಂದು ಗಂಡನ ಮನೆಯವರು ಹೇಳಿಬಿಟ್ಟಿದ್ದರು. ಮಗು ತಪ್ಪು ಉತ್ತರ ಕೊಟ್ಟಾಗ ಬೈಯದೆ ತಿದ್ದಿದರೆ ನಮ್ಮಲ್ಲಿ ಅದಕ್ಕೇ ಬೇರೆ ಅಂಕ ಉಂಟು.

“ಗಿಡದಾಗ ಊಟ ತಯಾರು ಮಾಡೋ ಭಾಗ ಯಾವುದು?” ಎಂದು ಕೇಳಿ, ಆಕೆ ಮುಂದಿನ ಸಾಲಿನ ಒಬ್ಬ ಹುಡುಗಿಯನ್ನು ಎಬ್ಬಿಸಿದಳು. ತರಗತಿಗೇ ಜಾಣೆಯಂತೆ. ಹುಡುಗಿ ಬಾಯಿ ಬಿಡಲಿಲ್ಲ. ಆಕೆ ಕಣ್ಣಲ್ಲೇ ಬೇಡಿಕೊಂಡಳು, “ಹೇಳವ್ವ.”

“ನಾ ತಪ್ಪ ಹೇಳಂಗಿಲ್ರಿ ಟೀಚರ್. ಬೇಕಾದ್ರ ನೀವೇ ಬೇರು ಅನ್ರಿ, ನಾ ತಿದ್ತೇನಿ.”

ಇಡೀ ತರಗತಿ ನಕ್ಕಿತು. ಆಕೆಯ ಮುಖ ಬಿಳಿಚಿಕೊಂಡಿತು. ನನ್ನ ಬಳಿ ಬಂದು, “ಸರ್, ತಪ್ಪು ಹೇಳು ಅಂತ ನಾನೇ ನಿನ್ನೆ ಹೇಳಿಕೊಟ್ಟಿದ್ದೆ. ಆಕಿ ಮರಿಯಂಗಿಲ್ಲ ಅಂತ ಆರಿಸಿದ್ದೆ” ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. “ಇದೇ ಏನು ನಾ ಕಲಿಸಿದ್ದು?” ಎಂದು ಜೋರು ಮಾಡಿದೆ.

ಹುಡುಗಿ ಇನ್ನೂ ನಿಂತೇ ಇದ್ದಳು. “ಸರ್, ಬೈದು ತಿದ್ದಿದ್ರ ಮಾರ್ಕ್ಸ್ ಕಟ್ ಆಗ್ತಾವಂತ್ರಿ.”

ಪೆನ್ನು ಕೆಳಗಿಟ್ಟೆ. ಸುಳ್ಳನ್ನು ಮುಚ್ಚಿಡಲು ಆಕೆಗೆ ಅವಕಾಶವಿತ್ತು, ಮುಚ್ಚಿಡಲಿಲ್ಲ. ಅದು ನನಗೆ ಸಮಾಧಾನ ಕೊಟ್ಟಿತು. ಮುಂದಿನ ಪಾಠವನ್ನು ತಯಾರಿಯಿಲ್ಲದೆ ಈಗಲೇ ಮಾಡು ಎಂದೆ. ಈ ಸಲ ತಪ್ಪು ಉತ್ತರಗಳು ಯಾರೂ ಹೇಳಿಕೊಡದೆಯೇ ರಾಶಿ ರಾಶಿ ಬಂದವು. ಆಕೆ ನಡುಗುತ್ತ ಶುರು ಮಾಡಿ, ನಗುತ್ತ ಒಂದೊಂದನ್ನೇ ತಿದ್ದಿದಳು. ಪಾಸಾಗಿದ್ದೀಯ ಎಂದು ಅಲ್ಲಿಯೇ ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು, ಮಕ್ಕಳು ಚಪ್ಪಾಳೆ ತಟ್ಟಿದರು.

ಹೊರಟಾಗ ಆ ಹುಡುಗಿ ಬಾಗಿಲ ತನಕ ಬಂದಳು. ಅವಳ ಮುಖದಲ್ಲಿ ನನ್ನ ಬಗ್ಗೆ ನಿಜವಾದ ಕಾಳಜಿ ಇತ್ತು.

“ಟೀಚರ್ ಪಾಸ್ ಆದ್ರು. ನಿಮ್ದೇನಾತ್ರಿ, ಸರ್?”