ಇಂಜಿನ್ನಿಗೆ ಬಾಣಂತನ

ಪಾಪಿನಾಯಕನಹಳ್ಳಿಯ ಮಂದಿ ತಿಪ್ಪೇಶನ ಮನೆ ತೋರಿಸಿ ಹೊಸಬರಿಗೆ ಹೇಳುತ್ತಿದ್ದ ಮಾತೊಂದಿತ್ತು: "ಆ ಮನ್ಯಾಗ ಇಬ್ರು ಬಾಣಂತ್ಯಾರು. ಒಬ್ಬಾಕಿ ಇನ್ನಾ ಹಡೀಬೇಕು, ಇನ್ನೊಬ್ಬಾಕಿಗೆ ನಾಲ್ಕು ಗಾಲಿ."

ಹಡೆಯಬೇಕಾದವಳು ಮಗಳು ತ್ರಿವೇಣಿ, ಚೊಚ್ಚಲಿಗೆಂದು ತವರಿಗೆ ಬಂದವಳು. ನಾಲ್ಕು ಗಾಲಿಯವಳು, ಹೊಲವನ್ನು ಅದಿರು ರಾಶಿ ಹಾಕಲು ಬಾಡಿಗೆಗೆ ಕೊಟ್ಟು ತಿಪ್ಪೇಶ ಕೊಂಡುತಂದ ಹಳೇ ಮಾರುತಿ. ಅದರ ಬಣ್ಣ ಬಿಳಿಯಂತೆ, ಆದರೆ ಆ ಊರಿನ ಕೆಂಪು ಧೂಳಿನಲ್ಲಿ ಬಣ್ಣದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ದಿನ ತುಂಬಿದ ತ್ರಿವೇಣಿಯನ್ನು ಅಂದು ಹತ್ತು ಗಂಟೆಯೊಳಗೆ ಹೊಸಪೇಟೆಯ ಆಸ್ಪತ್ರೆಗೆ ಸೇರಿಸಲೇಬೇಕೆಂದು ಡಾಕ್ಟರಮ್ಮ ತಾಕೀತು ಮಾಡಿದ್ದರು. ಡಿಸೆಂಬರಿನ ಆ ಮುಂಜಾನೆ ಅಂಗಳದಲ್ಲಿ ಕಾರಿಗಿಂತ ಮೊದಲು ತಿಪ್ಪೇಶನ ಹೆಂಡತಿ ನೀಲಗಂಗಮ್ಮನ ಮಾತು ಕಾದಿತ್ತು.

ನೀಲಗಂಗಮ್ಮ: ಮತ್ತ ಐದು ನಿಮಿಷಾ? ನಿಮ್ಮ ಐದು ನಿಮಿಷದಾಗ ಕೂಸು ತಾನಾ ಹುಟ್ಟಿ, ಅಂಗಿ ತೊಟ್ಟು, ಅಂಗನವಾಡಿಗೆ ಹೋಗಿ ಬರ್ತೈತಿ!

ತಿಪ್ಪೇಶ: ಲೇ, ಇಂಜಿನ್ ಅಂದ್ರ ನಿನ್ನ ಒಲಿ ಅಲ್ಲ, ಊದಿದ ಕೂಡ್ಲೇ ಹತ್ತಾಕ. ಥಂಡಿ ಹೊಡದೈತಿ. ಮೈ ಕಾಯ್ಬೇಕು.

ನೀಲಗಂಗಮ್ಮ: ಎಲ್ಲೈತ್ರಿ ಥಂಡಿ? ನೀವು ಬನೀನಿನ್ಯಾಗ ನಿಂತೀರಿ, ಕಾರಿಗೆ ಕೌದಿ ಹೊಚ್ಚೀರಿ!

ತಿಪ್ಪೇಶ: ನನ್ನ ಮೈಯಾಗ ರಕ್ತ ಐತಿ. ಅದಕ್ಕ ಐತೇನು?

ಬಾನೆಟ್ಟಿನ ಮೇಲೆ ಕೌದಿ, ಮುಂದಿನ ಜಾಲರಿಗೆ ಗೋಣಿಚೀಲ. ಎದುರಿಗೆ ಕೆಂಡದ ಅಗ್ಗಿಷ್ಟಿಗೆ. ಅದರ ಮಗ್ಗುಲಲ್ಲಿ ಓಣಿಯ ನಾಯಿ ಕಾಲು ಚಾಚಿ ಮಲಗಿತ್ತು.

ನೀಲಗಂಗಮ್ಮ: ಪೆಟ್ರೋಲ್ ಗಾಡಿ ಮುಂದ ಕೆಂಡ ಇಟ್ಟೀರಲ್ಲ, ಬುದ್ಧಿ ಐತೇನ್ರಿ?

ತಿಪ್ಪೇಶ: ಐತಿ. ಅದಕ್ಕಾ ನಾಲ್ಕು ಮಾರು ದೂರ ಇಟ್ಟೀನಿ.

ನೀಲಗಂಗಮ್ಮ: ಹಂಗಾದ್ರ ಕಾರಿಗೇನು ಬಂತು? ಮೊದ್ಲು ನಾಯಿ ಸ್ಟಾರ್ಟ್ ಆಗ್ತೈತಿ ನೋಡ್ರಿ! ಅಯ್ಯ, ಫ್ಲಾಸ್ಕ್ ಮರ್ತೆ.

ಆಕೆ ಒಳಗೆ ಹೋದಳು. ತಿಪ್ಪೇಶ ಚೋಕ್ ಎಳೆದು ಕೀಲಿ ತಿರುವಿದ. ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಗೋಡೆಯಾಚೆ ಪಕ್ಕದ ಮನೆಯ ಪಕೀರಮ್ಮನ ತಲೆ ಎದ್ದಿತು.

ಪಕೀರಮ್ಮ: ತಿಪ್ಪೇಶಣ್ಣ, ಹೆಂಗದಾಳ ಆಕಿ?

ಕಾರಿನ ಧ್ಯಾನದಲ್ಲಿದ್ದ ತಿಪ್ಪೇಶನಿಗೆ ಆ ಹೊತ್ತಿನಲ್ಲಿ ಇದ್ದ ಆಕೆ ಒಬ್ಬಳೇ.

ತಿಪ್ಪೇಶ: ಒಂದಾ ಸಮ ನಡುಗಿದ್ಲವ್ವ. ಈಗ ಕೆಮ್ಮಾಕ ಹತ್ಯಾಳ.

ಪಕೀರಮ್ಮ: ಅಯ್ಯ ನನ್ನವ್ವ! ಏನರ ಕುಡಿಸ್ದಿ?

ತಿಪ್ಪೇಶ: ಅರ್ಧ ಕೊಡ ಬಿಸಿನೀರು ಹೊಯ್ದೀನಿ.

ಪಕೀರಮ್ಮ: ತುಂಬಿದ ಬಸುರಿಗೆ ಅರ್ಧ ಕೊಡಾ? ಏ ನೀಲಗಂಗೀ, ಹೊರಗ ಬಾರೇ! ನಿನ್ನ ಗಂಡ ಕೂಸಿಗೆ ಈಜು ಕಲಿಸಾಕ ಹತ್ಯಾನ!

ತ್ರಿವೇಣಿ (ಕಟ್ಟೆಯ ಮೇಲಿಂದ): ನಾ ಇಲ್ಲೇ ಅದೀನಿ ಅತ್ತಿ, ಆರಾಮ ಅದೀನಿ. ಕೆಮ್ಮಿದಾಕಿ ನಮ್ಮಪ್ಪನ ಹಿರೇ ಮಗಳು.

ಮುಂದಿನ ತಿರುವಿಗೆ ಇಂಜಿನ್ ಹತ್ತಿಕೊಂಡಿತು. ಬೇವಿನ ಮರದ ಕಾಗೆಗಳು ಹಾರಿದವು. ನೀಲಗಂಗಮ್ಮ ಫ್ಲಾಸ್ಕ್ ಹಿಡಿದು ಬಂದಳು.

ತ್ರಿವೇಣಿ: ಆತಲ್ಲಪ್ಪ, ಹೋಗೂನು.

ತಿಪ್ಪೇಶ: ಈಗ ಹೊಂಟ್ರ ನಡುದಾರ್ಯಾಗ ನಿಂದರ್ತೈತಿ. ಆ ಬಿಸಿ ತೋರ್ಸೋ ಮುಳ್ಳು ನಡುವಿಗೆ ಬರ್ಲಿ.

ನೀಲಗಂಗಮ್ಮ: ನೋಡು, ನಿಮ್ಮಪ್ಪಗ ಮಗಳಿಗಿಂತ ಮುಳ್ಳು ಹೆಚ್ಚು. ತಡಿ, ಕೂಸಿಗೆ ಹಳೇ ಸೀರಿ ತುಂಡು ಉಳದ್ವು.

ಮತ್ತೆ ಒಳಗೆ, ಮತ್ತೆ ಹೊರಗೆ. ಹಿತ್ತಲ ಚಿಲಕ ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಒಳಗೆ. ಅಷ್ಟರಲ್ಲಿ ತ್ರಿವೇಣಿ ಬಗ್ಗಲಾರದೆ ಬಗ್ಗಿ ಕಾರಿನೊಳಗೆ ಇಣುಕಿದಳು.

ತ್ರಿವೇಣಿ: ಮುಳ್ಳು ನಡು ದಾಟಿ ಮ್ಯಾಲ ಹೊಂಟೈತಪ್ಪ.

ತಿಪ್ಪೇಶ: ಹೌದಾ? ಹಂಗಾದ್ರ ಒಂಚೂರು ಆರ್ಲಿ.

ನೀಲಗಂಗಮ್ಮ (ಹೊರಗೆ ಬರುತ್ತಾ): ಕಾಯ್ಲಿ ಅಂದ್ರಿ, ಕಾಯ್ತು. ಈಗ ಆರ್ಲಿ? ಇದೇನು ಗಂಜಿಯೇನ್ರಿ?

ಆಗ ಬಳ್ಳಾರಿ ರಸ್ತೆಯ ಕಡೆಯಿಂದ ಅದಿರಿನ ಟಿಪ್ಪರೊಂದು ಹಾರ್ನ್ ಹೊಡೆಯಿತು. ತಿಪ್ಪೇಶನ ಕೈ ಸ್ಟೇರಿಂಗಿನಿಂದ ಜಾರಿತು. ಥಂಡಿ ಥಂಡಿ ಎನ್ನುತ್ತಿದ್ದವನ ಹಣೆಯಲ್ಲಿ ಬೆವರು. ನೀಲಗಂಗಮ್ಮ ಅವನನ್ನು ನೋಡಿದಳು, ಕಾರಿನ ಬಲಮಗ್ಗುಲನ್ನೂ ನೋಡಿದಳು. ಅಲ್ಲಿ ಕನ್ನಡಿ ಇರಲಿಲ್ಲ.

ನೀಲಗಂಗಮ್ಮ: ಹೋದ ತಿಂಗಳು ಎಮ್ಮಿ ಹಾಯ್ದು ಕನ್ನಡಿ ಹೋತು ಅಂದ್ರಲ್ಲ. ಖರೇ ಹೇಳ್ರಿ, ಆ ಎಮ್ಮಿಗೆ ಎಷ್ಟು ಗಾಲಿ ಇದ್ವು?

ತಿಪ್ಪೇಶ ಬನೀನಿನ ಅಂಚಿನಿಂದ ಹಣೆ ಒರೆಸಿಕೊಂಡ.

ತಿಪ್ಪೇಶ: ಹತ್ತು.

ನೀಲಗಂಗಮ್ಮ: ಅಂದ್ರ ಟಿಪ್ಪರ್.

ತಿಪ್ಪೇಶ: ಬಾಜೂಕ ಬಂತು, ಕನ್ನಡಿ ಒಯ್ತು, ನನ್ನ ಜೀವಾನೂ ಒಯ್ತು. ಕಾರು ಅಲ್ಲೇ ಬಿಟ್ಟು ನಡಕೊಂತ ಬಂದೆ. ಆಟೋ ಗಾಳೆಪ್ಪ ಹೋಗಿ ಮನಿಗೆ ತಂದ. ಆವತ್ತಿಂದ ಓಣಿ ದಾಟಿಲ್ಲ ನಾ. ಒಬ್ನಾ ಇದ್ದಾಗಾ ಹಂಗಾತು, ಈಗ ಹಿಂದಿನ ಸೀಟಿನ್ಯಾಗ ಈಕಿ, ಈಕಿ ಹೊಟ್ಯಾಗ ಇನ್ನೊಂದು...

ಮುಂಜಾನೆಯಿಂದ ಕೂಡಿಟ್ಟುಕೊಂಡಿದ್ದ ಬೈಗುಳವನ್ನು ಬದಿಗಿಟ್ಟು ನೀಲಗಂಗಮ್ಮ ಕೌದಿಗೆ ಕೈ ಹಾಕಿದಳು.

ನೀಲಗಂಗಮ್ಮ: ಹತ್ರಿ. ಬಾಜೂಕ ನಾ ಕುಂದರ್ತೀನಿ. ಧೈರ್ಯ ನಂದು, ಕೈ ನಿಮ್ದು.

ಕೌದಿ ಇಳಿಯಿತು, ಗೋಣಿಚೀಲವೂ ಇಳಿಯಿತು, ಅಗ್ಗಿಷ್ಟಿಗೆ ಬದಿಗೆ ಸರಿಯಿತು, ತ್ರಿವೇಣಿ ಹಿಂದೆ ಹತ್ತಿ ಕುಳಿತಳು. ತಿಪ್ಪೇಶ ಹಂಪಿ ವಿರೂಪಾಕ್ಷನನ್ನು ನೆನೆದು ಗೇರು ಹಾಕಿದ. ಕಾರು ಮದುಮಗಳ ಹಾಗೆ ಮೆಲ್ಲಗೆ ಸಾಗಿ ಓಣಿಯ ಬಾಯಿಗೆ ಬಂತು. ಎದುರಿಗೆ ರಸ್ತೆ. ಅದರ ಮೇಲೆ ಟಿಪ್ಪರು, ಅದರ ಹಿಂದೆ ಟಿಪ್ಪರು, ಅದರ ಹಿಂದೆ ಬರೀ ಧೂಳು, ಧೂಳಿನೊಳಗಿಂದ ಮತ್ತೊಂದು ಟಿಪ್ಪರು. ತಿಪ್ಪೇಶ ಹಲ್ಲು ಕಚ್ಚಿ ಕಾಲು ಒತ್ತಬೇಕು ಅನ್ನುವಷ್ಟರಲ್ಲಿ—

ನೀಲಗಂಗಮ್ಮ: ನಿಲ್ಸ್ರಿ!

ತಿಪ್ಪೇಶ: ಏನಾತು?

ನೀಲಗಂಗಮ್ಮ: ಅದು... ಇಂಜಿನ್ ಸರಿ ಕಾದಂಗಿಲ್ಲ ಅನ್ನಿಸ್ತೈತಿ. ಹಿಂದಕ್ಕ ತಗೋರಿ. ಇನ್ನೊಂದು ಐದು ನಿಮಿಷ.

ಮದುವೆಯಾದಂದಿನಿಂದ ತಿಪ್ಪೇಶ ಹೆಂಡತಿಯ ಮಾತನ್ನು ಅಷ್ಟು ಜಲ್ದಿ ಕೇಳಿದ್ದು ಅದೇ ಮೊದಲು. ಕಾರು ಹಿಂದೆ ಹಿಂದೆ ಬಂದು ಅಂಗಳದಲ್ಲಿ ನಿಂತಿತು. ದೇವರ ದೀಪ ಆರಿದೆಯೋ ಏನೋ ಎಂದು ನೀಲಗಂಗಮ್ಮ ಒಳಗೆ ನುಗ್ಗಿದಳು. ತ್ರಿವೇಣಿಯೂ ಆಸ್ಪತ್ರೆಯ ಬ್ಯಾಗು ಹಿಡಿದು ಕಾರಿನಿಂದಿಳಿದು ಬಂದು ಪಡಸಾಲೆಯಲ್ಲಿ ನಿಂತಳು.

ತ್ರಿವೇಣಿ: ಅವ್ವಾ, ದೀಪ ಉರ್ಯಾಕ ಹತ್ತೈತಿ, ಚಿಲಕಾನೂ ಬಿದ್ದೈತಿ. ಅಪ್ಪ ಕಾಯಿಸ್ಕೋತ ಕುಂದರ್ತಾನ, ನೀ ಮರ್ಕೋತ ತಿರಗ್ತಿ. ಇಬ್ರದೂ ಒಂದಾ ಹೆದರಿಕಿ. ನನಗೂ ಐತಿ. ಆದ್ರ ಇದು (ಹೊಟ್ಟೆ ತೋರಿಸಿ) ನಿಂದ್ರು ಅಂದ್ರ ನಿಂದ್ರಂಗಿಲ್ಲ.

ಬಾಗಿಲಲ್ಲಿ ಆಟೋ ಪೀಪೀ ಎಂದಿತು. ಕಾರು ಕೆಮ್ಮುತ್ತಿದ್ದಾಗಲೇ ತ್ರಿವೇಣಿ ಗಾಳೆಪ್ಪನಿಗೆ ಫೋನ್ ಮಾಡಿದ್ದಳು. ಬ್ಯಾಗನ್ನು ತಾನೇ ಎತ್ತಿಕೊಂಡು, ಸೆರಗು ಸಿಕ್ಕಿಸಿ, ಹೊಸ್ತಿಲು ದಾಟಿದಳು. ಈ ಹೊಸ್ತಿಲಿನಿಂದ ಅವಳು ಬರೀ ಮಗಳಾಗಿ ಹೊರಡುವುದು ಇದೇ ಕಡೆಯ ಸಲ, ಮುಂದೆ ಬರುವವಳು ತಾಯಿ ಎಂದು ನೀಲಗಂಗಮ್ಮನಿಗೆ ಹೊಳೆಯಿತು. ಹೊಳೆದದ್ದೇ ತಡ, ಚಪ್ಪಲಿ ಮರೆತು ಓಡಿದಳು. ತಿಪ್ಪೇಶ ಇಂಜಿನ್ ಆರಿಸಿ, ಕೀಲಿ ಕಿತ್ತುಕೊಂಡು, ಬನೀನಿನಲ್ಲೇ ಓಡಿದ. ಆಚೆ ಒಬ್ಬರು ಈಚೆ ಒಬ್ಬರು ಮಗಳನ್ನು ಒತ್ತಿ ಕುಳಿತರು.

ಗಾಳೆಪ್ಪ: ಯಾಕವ್ವ, ಕಾರು ಸ್ಟಾರ್ಟ್ ಆಗ್ಲಿಲ್ಲೇನು?

ತ್ರಿವೇಣಿ: ಕಾರು ಆಗಿ ಭಾಳ ಹೊತ್ತಾತು. ಇವ್ರಿಬ್ರೂ ಈಗ ಆದ್ರು. ಇವ್ರ ಬಿಸಿ ಆರೂದ್ರೊಳಗ ಹೊಡಿ.